ಯುದ್ಧ ಕಂಡ ಕ್ಯಾಪ್ಟನ್, ನೀರಿಗೆ ಹೋದ ಹೊಲ

"ಸಾಕಪ್ಪಾ, ಕೆಲಸ ಬಿಟ್ಟು ಊರಿಗೆ ಹೋಗಿ ತೋಟ ಮಾಡ್ಕೊಂಡಿರೋಣ." ನಮ್ಮಂಥ ಸಾಫ್ಟ್‌ವೇರ್ ಮಂದಿ ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತೆ. ನಾನೂ ಹತ್ತಾರು ಸಲ ಹೇಳಿದ್ದೀನಿ. ಈಗೀಗ ಹಾಗೆ ಹೇಳೋ ಮುಂಚೆ ಕ್ಯಾಪ್ಟನ್ ಗೋಪಿನಾಥ್ ನೆನಪಾಗ್ತಾರೆ.

ಏರ್ ಡೆಕ್ಕನ್ ಕಟ್ಟಿದವರು ಅಂತ ಅವರು ಎಲ್ಲರಿಗೂ ಗೊತ್ತು. ಆದರೆ ಅವರ ಆತ್ಮಕಥೆ 'ಸಿಂಪ್ಲಿ ಫ್ಲೈ'ನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ವಿಮಾನದ ಕಥೆಯಲ್ಲ, ಅದಕ್ಕೂ ಹಿಂದಿನ ಸೈನಿಕನ ಕಥೆ.

ಹಾಸನ ಜಿಲ್ಲೆಯ ಗೊರೂರಿನ ಹುಡುಗ. ಬಿಜಾಪುರದ ಸೈನಿಕ ಶಾಲೆ, ಆಮೇಲೆ ಎನ್‌ಡಿಎ. 1971ರ ಡಿಸೆಂಬರ್‌ನಲ್ಲಿ ಬಾಂಗ್ಲಾ ಯುದ್ಧಕ್ಕೆ ಹೋದಾಗ ವಯಸ್ಸು ಬರೀ 20. ಆ ವಯಸ್ಸಲ್ಲಿ ನಾನು ಇಂಟರ್ನಲ್ಸ್ ಮಾರ್ಕ್ಸ್ ಲೆಕ್ಕ ಹಾಕ್ತಿದ್ದೆ! ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಪಾಕ್ ಸೇನೆ ಶರಣಾಯಿತು, ಬಾಂಗ್ಲಾದೇಶ ಸ್ವತಂತ್ರವಾಯಿತು.

ಎಂಟು ವರ್ಷ ಸೇವೆ ಮಾಡಿ, 28ರ ಆಸುಪಾಸಿನಲ್ಲಿ ಸೇನೆ ಬಿಟ್ಟರು. ಸೇನಾ ಅಧಿಕಾರಿಗೆ ಪಿಂಚಣಿ ಸಿಗಲು ಸಾಮಾನ್ಯವಾಗಿ 20 ವರ್ಷ ಸೇವೆ ಆಗಿರಬೇಕು. ಹಾಗಾಗಿ ಅದೂ ಇಲ್ಲ.

ಊರಾದರೂ ಇದ್ದ ಹಾಗೇ ಇತ್ತಾ? ಹೇಮಾವತಿಗೆ ಅಣೆಕಟ್ಟು ಕಟ್ಟಿದ್ದು ಗೊರೂರಿನಲ್ಲೇ. ಮನೆತನದ ಜಮೀನು ಮುಳುಗಡೆಗೆ ಹೋಯಿತು. ಇನ್ನೊಬ್ಬರಿಗೆ ದೇಶ ಸಿಕ್ಕ ಯುದ್ಧದಲ್ಲಿ ಇದ್ದು ಬಂದವರಿಗೆ ತಮ್ಮೂರಲ್ಲಿ ಹೊಲ ಉಳಿದಿರಲಿಲ್ಲ.

ಬದಲಿಗೆ ಸರ್ಕಾರದಿಂದ ಸಿಕ್ಕಿದ್ದು ಜಾವಗಲ್ ಹತ್ತಿರದ ಬರಡು ಭೂಮಿ. ಹೌದು, ಬೌಲರ್ ಶ್ರೀನಾಥ್ ಹೆಸರಿನ ಜೊತೆಗಿರೋ ಅದೇ ಜಾವಗಲ್. ಗೋಪಿನಾಥ್ ಅಲ್ಲೇ ಟೆಂಟ್ ಹಾಕಿ ಉಳಿದುಕೊಂಡರು. ತೆಂಗು ನೆಟ್ಟರು, ರೇಷ್ಮೆಗೆ ಕೈ ಹಾಕಿದರು. ಪರಿಸರಕ್ಕೆ ಹೊಂದುವ ಅವರ ರೇಷ್ಮೆ ಕೃಷಿಗೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿಯ ಗೌರವ ಬಂತು. ಏರ್ ಡೆಕ್ಕನ್ ಹಾರಿದ್ದು 2003ರಲ್ಲಿ. ಅಷ್ಟೊತ್ತಿಗೆ ಸೇನೆ ಬಿಟ್ಟು ಎರಡು ದಶಕವೇ ದಾಟಿತ್ತು.

ಊರಿಗೆ ವಾಪಸ್ ಹೋಗೋದು ಅಂದರೆ ಕೋಡ್ ರಿವರ್ಟ್ ಮಾಡಿದ ಹಾಗಲ್ಲ. ಬಿಟ್ಟು ಬಂದ ಊರು ಬಿಟ್ಟ ಜಾಗದಲ್ಲೇ ಕಾಯ್ತಾ ಕೂತಿರಲ್ಲ. ನಾವೂ ಬದಲಾಗಿರ್ತೀವಿ. ಗೋಪಿನಾಥ್ ಹಳೇ ಊರನ್ನು ಹುಡುಕುತ್ತಾ ಕೂರಲಿಲ್ಲ, ಸಿಕ್ಕ ನೆಲದಲ್ಲಿ ಹೊಸದಾಗಿ ಊರು ಮಾಡಿಕೊಂಡರು. ಟೆಂಟ್‌ನಲ್ಲಿ ಬದುಕೋ ಆ ಗಟ್ಟಿತನ ಸೇನೆಯಿಂದಲೇ ಬಂದಿರಬೇಕು ಅಂತ ನನಗನಿಸುತ್ತೆ.

ಪುಸ್ತಕ ಮುಗಿಸಿದ ದಿನ ಅಪ್ಪನಿಗೆ ಫೋನ್ ಮಾಡಿ, "ನಮ್ಮ ಬೋರ್‌ವೆಲ್‌ನಲ್ಲಿ ಈಗ ಎಷ್ಟಿಂಚು ನೀರು ಬರ್ತಿದೆ?" ಅಂತ ಕೇಳಿದೆ. "ಯಾಕಪ್ಪಾ, ಇದ್ದಕ್ಕಿದ್ದ ಹಾಗೆ?" ಅಂದ್ರು. ಇಷ್ಟು ವರ್ಷದಲ್ಲಿ ನಾನು ಅದನ್ನ ಕೇಳಿದ್ದು ಅದೇ ಮೊದಲು.