ಬಲ್ಲಿದರ ಬೆಂಬಲ: ಹಂಗೋ, ಹಕ್ಕೋ?

ವಿರಾಜಪೇಟೆಯಿಂದ ಪೆರುಂಬಾಡಿಯ ಮೇಲೆ ಘಟ್ಟವಿಳಿದು ಕಣ್ಣೂರಿನ ಕಡೆಗೆ ಹೋಗುವ ದಾರಿಯಲ್ಲಿ ಮಾಕುಟ್ಟ ಎಂಬ ಸಣ್ಣ ಊರೊಂದು ಸಿಕ್ಕುತ್ತದೆ. ಸುತ್ತಲೂ ದಟ್ಟವಾದ ಕಾಡು. ಮುಂದೆ ಕೂಟುಪುಳೆಯ ಸೇತುವೆಯನ್ನು ದಾಟಿದರೆ ಕೇರಳ. ಗಡಿಯ ಊರಾದುದರಿಂದ ಇಲ್ಲಿ ತನಿಖೆಯ ಗೇಟು ಉಂಟು. ಎಲ್ಲಿಂದ ಬಂದಿರಿ, ಎಲ್ಲಿಗೆ ಪಯಣ, ಗಾಡಿಯಲ್ಲಿ ಏನು ಹೇರಿದ್ದೀರಿ ಎಂದು ವಿಚಾರಿಸಿಯೇ ಮುಂದೆ ಬಿಡುವುದು ಗಡಿಯ ವಾಡಿಕೆ.

ಈ ಲೇಖನದ ವಿಷಯಕ್ಕೂ ಈ ಕಾಡಿನ ಊರಿಗೂ ಎತ್ತಣಿಂದೆತ್ತಣ ಸಂಬಂಧ ಎಂದು ಓದುಗರಿಗೆ ತೋರಬಹುದು. ಅಮೆರಿಕದ ಕ್ರೈಸ್ತ ರಾಜಕಾರಣಿಗಳು ಯೆಹೂದ್ಯರ ಪರವಾಗಿ ಗಟ್ಟಿಯಾಗಿ ಮಾತನಾಡಿದರೆಂಬ ಸುದ್ದಿಯನ್ನು ತಾವು ವಾರ್ತೆಗಳಲ್ಲಿ ಅನೇಕ ಸಲ ಕೇಳಿದ್ದೀರಿ. ಬೇರೆ ಮತದವರು, ಬೇರೆ ದೇಶದವರು, ಅದರಲ್ಲಿಯೂ ಬಲ್ಲಿದರು, ತಾವಾಗಿಯೇ ಬಂದು ಕೈಹಿಡಿದರೆ ಒಂದು ಸಣ್ಣ ಸಮುದಾಯ ಅದನ್ನು ಸ್ವಾಗತಿಸಬೇಕೆ? ಯೆಹೂದ್ಯರ ನಡುವೆಯೇ ಇದರ ಬಗ್ಗೆ ದೊಡ್ಡ ಚರ್ಚೆಯಿದೆ. ಮಾಕುಟ್ಟದ ಘಟ್ಟದ ಎರಡೂ ಕಡೆಗಳಲ್ಲಿ, ಕೆಳಗಿನ ಕರಾವಳಿಯಲ್ಲಿಯೂ ಮೇಲಿನ ಕೊಡಗಿನಲ್ಲಿಯೂ, ಈ ಪ್ರಶ್ನೆ ಹಿಂದೆಯೇ ಎದ್ದಿತ್ತು. ಆದುದರಿಂದ ಇಲ್ಲಿಂದಲೇ ವಿಚಾರವನ್ನು ಆರಂಭಿಸೋಣ.

ಯೆಹೂದ್ಯರು ನಮಗೆ ಅಪರಿಚಿತರಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕ ಆಫ್ರಿಕದ ಉತ್ತರ ತೀರದಿಂದ ಬಂದು ಸುಮಾರು ಹದಿನೇಳು ವರ್ಷ ಮಂಗಳೂರಿನಲ್ಲಿ ನೆಲಸಿದ್ದ. ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ. ಮೆಣಸು ಅಡಕೆಗಳ ವ್ಯಾಪಾರ ಮಾಡಿದ. 1132ರಲ್ಲಿ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರವೂ, ಬೊಮ್ಮ ಎಂಬ ನಮ್ಮ ನಾಡಿನ ಆಳಿನ ಹೆಸರೂ ಕೈರೋದ ಹಳೆಯ ಯೆಹೂದ್ಯ ಮಂದಿರದಲ್ಲಿ ಉಳಿದು ಬಂದ ಕಾಗದಗಳಲ್ಲಿ ಸಿಕ್ಕಿವೆ. ಆ ಕಾಲದಲ್ಲಿ ಬೆನ್ ಯಿಜುವಿಗೆ ಯಾವ ದೂರದೇಶದ ಪ್ರಭುವಿನ ಬೆಂಬಲವೂ ಬೇಕಾಗಿರಲಿಲ್ಲ. ಊರಿನವರ ವಿಶ್ವಾಸವೇ ಆತನಿಗೆ ರಕ್ಷೆಯಾಗಿತ್ತು.

ಕೊಚ್ಚಿಯ ಯೆಹೂದ್ಯರ ಕಥೆ ಬೇರೆ. ಕ್ರಾಂಗನೂರಿನಲ್ಲಿ ಶತಮಾನಗಳ ಕಾಲ ಬಾಳಿದ್ದ ಅವರು ಹದಿನಾರನೆಯ ಶತಮಾನದಲ್ಲಿ ಅಲ್ಲಿಂದ ಚದುರಬೇಕಾಯಿತು. ಕೊಚ್ಚಿಯ ರಾಜ ತನ್ನ ಅರಮನೆಯ ಪಕ್ಕದಲ್ಲಿಯೇ ನೆಲಕೊಟ್ಟು ಕಾಪಾಡಿದ. ಅಲ್ಲಿ 1568ರಲ್ಲಿ ಕಟ್ಟಿದ ಪ್ರಾರ್ಥನಾಮಂದಿರ ಮಟ್ಟಂಚೇರಿಯಲ್ಲಿ ಇಂದೂ ನಿಂತಿದೆ. ಆದರೆ ಕಡಲಿನ ಮೇಲೆ ಆಗ ಪೋರ್ಚುಗೀಸರ ಹಿಡಿತವಿತ್ತು. ಗೋವೆಯಲ್ಲಿ 1560ರಿಂದ ಅವರ ಮತವಿಚಾರಣೆಯ ನ್ಯಾಯಸ್ಥಾನವೂ ಇತ್ತು. ಹೀಗಿರುವಾಗ ಪೋರ್ಚುಗೀಸರ ವೈರಿಗಳಾದ ಡಚ್ಚರು ಹಡಗುಗಳೊಡನೆ ಬಂದರು. ಅವರೂ ಕ್ರೈಸ್ತರೇ. ಯೆಹೂದ್ಯರು ಡಚ್ಚರಿಗೆ ಒಲಿದರು. 1662ರ ಮುತ್ತಿಗೆಯಲ್ಲಿ ಡಚ್ಚರು ಸೋತು ಹಿಂದೆಗೆದಾಗ ಅದರ ಬೆಲೆ ತೆತ್ತವರು ಯೆಹೂದ್ಯರೇ. ಪೋರ್ಚುಗೀಸರು ಅವರ ಕೇರಿಯ ಮೇಲೆ ಬಿದ್ದು ಮಂದಿರಕ್ಕೆ ಬೆಂಕಿಯಿಟ್ಟರು. ಮರುವರ್ಷ ಡಚ್ಚರು ಮತ್ತೆ ಬಂದು ಕೊಚ್ಚಿಯನ್ನು ಗೆದ್ದರು. ಆಮೇಲೆ 1795ರವರೆಗೆ ಯೆಹೂದ್ಯರಿಗೆ ಒಳ್ಳೆಯ ದಿನಗಳು. ಎಜ಼ಿಕಿಯೇಲ್ ರಹಬಿ ಎಂಬ ಯೆಹೂದ್ಯ ಡಚ್ಚರ ಕಂಪೆನಿಯ ಮುಖ್ಯ ವರ್ತಕನಾಗಿ ಮೆರೆದ.

ಈ ಕಥೆಯಿಂದ ಮೂರು ಸಂಗತಿಗಳನ್ನು ತಿಳಿಯಬಹುದು. ಮೊದಲನೆಯದು, ‘ಕ್ರೈಸ್ತ ರಾಜಕಾರಣ’ ಎಂಬುದು ಒಂದೇ ಮುಖದ್ದಲ್ಲ. ಪೀಡಿಸಿದವರೂ ಕ್ರೈಸ್ತರು, ಬಿಡಿಸಿದವರೂ ಕ್ರೈಸ್ತರು. ಎರಡನೆಯದು, ಡಚ್ಚರು ಬಂದದ್ದು ಮೆಣಸಿಗಾಗಿ, ಯೆಹೂದ್ಯರಿಗಾಗಿ ಅಲ್ಲ. ಮೂರನೆಯದು, ಬೆಂಬಲಿಗನು ಹಡಗು ಹತ್ತಿ ಹೋಗಬಹುದು. ಬೆಂಬಲ ಪಡೆದವನು ಅದೇ ಊರಿನಲ್ಲಿಯೇ ಇರಬೇಕು.

ಈಗ ಘಟ್ಟ ಹತ್ತಿ ಕೊಡಗಿಗೆ ಬರೋಣ. ಇಲ್ಲಿ ಯೆಹೂದ್ಯರಿಲ್ಲ, ಆದರೆ ಪ್ರಶ್ನೆ ಅದೇ. ಟಿಪ್ಪುವಿನ ಸೆರೆಯಲ್ಲಿದ್ದ ದೊಡ್ಡವೀರರಾಜೇಂದ್ರ 1788ರಲ್ಲಿ ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡು ಬಂದು ತನ್ನ ನಾಡನ್ನು ಮತ್ತೆ ಕಟ್ಟಿದ. ಪ್ರಬಲನಾದ ವೈರಿಯ ಮುಂದೆ ಒಂಟಿಯಾಗಿ ನಿಲ್ಲುವುದು ಕಷ್ಟವೆಂದರಿತು 1790ರಲ್ಲಿ ತಲಶ್ಶೇರಿಯ ಇಂಗ್ಲಿಷರೊಡನೆ ಒಪ್ಪಂದ ಮಾಡಿಕೊಂಡ. 1791ರಲ್ಲಿ ಜನರಲ್ ಅಬರ್‌ಕ್ರಾಂಬಿಯ ಮುಂಬಯಿ ಸೈನ್ಯ ಮಲೆಯಾಳದ ಕರಾವಳಿಯಿಂದ ಕೊಡಗಿನ ಮೂಲಕ ಶ್ರೀರಂಗಪಟ್ಟಣದ ಕಡೆಗೆ ನಡೆಯಿತು. ಅರಸ ದಾರಿ ಬಿಟ್ಟುಕೊಟ್ಟ, ದವಸ ಕೊಟ್ಟ. ಆ ಭೇಟಿಯ ನೆನಪಿಗಾಗಿಯೇ ಮರುವರ್ಷ ವಿರಾಜಪೇಟೆಯನ್ನು ಕಟ್ಟಿಸಿದ. ಇಂಗ್ಲಿಷರ ಬೆಂಬಲ ಅಂದು ಕೊಡಗನ್ನು ಉಳಿಸಿತು ಎಂಬುದರಲ್ಲಿ ಸಂದೇಹವಿಲ್ಲ.

ಆದರೆ ಟಿಪ್ಪು 1799ರಲ್ಲಿ ಮಡಿದ ಮೇಲೆ ಇಂಗ್ಲಿಷರಿಗೆ ಕೊಡಗಿನ ಅರಸನಿಂದ ಆಗಬೇಕಾದ ಕೆಲಸ ಮುಗಿದಿತ್ತು. 1834ರಲ್ಲಿ ಕಂಪೆನಿಯ ಸೈನ್ಯ ಹಲವು ದಳಗಳಾಗಿ ಕೊಡಗಿಗೆ ನುಗ್ಗಿತು. ಕರ್ನಲ್ ಫೌಲಿಸನ ದಳ ಕಣ್ಣೂರಿನಿಂದ ಹೊರಟು ಹೆಗ್ಗಳದ ಘಾಟಿಯನ್ನು ಹತ್ತಿ ಬಂತು. ಅರಸನಾದ ಚಿಕ್ಕವೀರರಾಜೇಂದ್ರನ ದುರಾಡಳಿತವೇ ಕಾರಣವೆಂದು ಕಂಪೆನಿ ಸಾರಿತು. ಆ ದೂರಿನಲ್ಲಿ ಹುರುಳಿಲ್ಲವೆನ್ನಲಾಗದು. ಆದರೂ ಮೂವತ್ತೈದು ವರ್ಷಗಳ ಹಿಂದಿನ ಗೆಳೆಯನೇ ಒಡೆಯನಾದದ್ದು ಸುಳ್ಳಲ್ಲ. ಗೆಳೆಯ ಬರಲೆಂದು ತೆರೆದ ಘಟ್ಟವನ್ನು ಆತ ಒಡೆಯನಾಗಿ ಬರುವಾಗ ಮುಚ್ಚಲಾಗಲಿಲ್ಲ.

ಪದಚ್ಯುತನಾದ ಅರಸ 1852ರಲ್ಲಿ ಇಂಗ್ಲೆಂಡಿಗೆ ಹೋದ. ಕಂಪೆನಿಯ ವಶದಲ್ಲಿದ್ದ ತನ್ನ ಹಣವನ್ನು ಪಡೆಯುವುದು ಅವನ ಉದ್ದೇಶ. ಮಗಳು ಗೌರಮ್ಮನಿಗೆ ಅದೇ ವರ್ಷ ಕ್ರೈಸ್ತ ದೀಕ್ಷೆಯಾಯಿತು. ವಿಕ್ಟೋರಿಯ ರಾಣಿಯೇ ಧರ್ಮಮಾತೆಯಾಗಿ ನಿಂತಳು. ಅರಮನೆಯ ಆದರಕ್ಕೆ ಕೊರತೆಯಿರಲಿಲ್ಲ. ಅರಸನ ಹಣ ಮಾತ್ರ ಬರಲಿಲ್ಲ. ಅವನು 1859ರಲ್ಲಿ ಲಂಡನ್ನಿನಲ್ಲಿಯೇ ತೀರಿಕೊಂಡ. ಆದರ ಬೇರೆ, ನ್ಯಾಯ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನಮ್ಮ ನಾಡಿನಲ್ಲಿ ಸಿಕ್ಕುವುದು ಕಷ್ಟ.

ಇನ್ನು ದೊಡ್ಡ ಲೋಕದ ಕಡೆಗೆ ನೋಡೋಣ. 1917ರ ನವೆಂಬರ್ 2ರಂದು ಬ್ರಿಟನ್ನಿನ ವಿದೇಶಾಂಗ ಮಂತ್ರಿ ಬಾಲ್ಫರ್, ಪ್ಯಾಲೆಸ್ಟೈನಿನಲ್ಲಿ ಯೆಹೂದ್ಯರಿಗೆ ರಾಷ್ಟ್ರೀಯ ನೆಲೆಯೊಂದನ್ನು ಸ್ಥಾಪಿಸುವುದಕ್ಕೆ ತನ್ನ ಸರ್ಕಾರ ಅನುಕೂಲವಾಗಿದೆಯೆಂದು ಪತ್ರ ಬರೆದ. ಅನೇಕ ಯೆಹೂದ್ಯರು ಆನಂದದಿಂದ ಕುಣಿದಾಡಿದರು. ಆದರೆ ಆ ಸರ್ಕಾರದಲ್ಲಿದ್ದ ಯೆಹೂದ್ಯ ಮಂತ್ರಿಯೊಬ್ಬ ಇದನ್ನು ಬಲವಾಗಿ ವಿರೋಧಿಸಿದ. ಆತ ಯಾರೆಂದು ಬಲ್ಲಿರಾ? ಇಂಡಿಯಾ ಮಂತ್ರಿಯಾಗಿದ್ದ ಎಡ್ವಿನ್ ಮಾಂಟೆಗ್ಯೂ. ನಾವು ಶಾಲೆಯಲ್ಲಿ ಓದಿದ ಮಾಂಟೆಗ್ಯೂ-ಚೆಲ್ಮ್ಸ್‌ಫರ್ಡ್ ಸುಧಾರಣೆಯ ಮಾಂಟೆಗ್ಯೂ. ಭಾರತಕ್ಕೆ ಕ್ರಮೇಣ ಜವಾಬ್ದಾರಿ ಸರ್ಕಾರ ಕೊಡುವುದಾಗಿ ಘೋಷಿಸಿದ 1917ರ ಆಗಸ್ಟ್ ತಿಂಗಳಿನಲ್ಲಿಯೇ ಆತ ತನ್ನ ಸಹೋದ್ಯೋಗಿಗಳಿಗೆ ಒಂದು ಟಿಪ್ಪಣಿ ಬರೆದ. ಯೆಹೂದ್ಯರಿಗೆ ಬೇರೊಂದು ನೆಲೆಯುಂಟೆಂದು ಸಾರಿದರೆ, ಅವರು ಹುಟ್ಟಿ ಬೆಳೆದ ದೇಶಗಳಲ್ಲೆಲ್ಲ ಅವರನ್ನು ಪರಕೀಯರೆಂದು ಕಾಣುವುದಕ್ಕೆ ದಾರಿಯಾಗುತ್ತದೆ ಎಂಬುದು ಅದರ ತಿರುಳು.

ಮಾಂಟೆಗ್ಯೂನ ಶಂಕೆ ಆಧಾರವಿಲ್ಲದ್ದಾಗಿರಲಿಲ್ಲ. ಇದೇ ಬಾಲ್ಫರ್ 1905ರಲ್ಲಿ ಪ್ರಧಾನಿಯಾಗಿದ್ದಾಗ, ಪೂರ್ವ ಯೂರೋಪಿನಿಂದ ಓಡಿಬರುತ್ತಿದ್ದ ಯೆಹೂದ್ಯರನ್ನು ತಡೆಯುವ ಕಾನೂನನ್ನು ಜಾರಿಗೆ ತಂದಿದ್ದ. ದೂರದ ನಾಡಿನಲ್ಲಿ ಯೆಹೂದ್ಯರಿಗೆ ಮನೆ ಮಾಡಿಕೊಡಲು ಸಿದ್ಧನಾದವನು ತನ್ನ ಮನೆಯ ಬಾಗಿಲನ್ನು ತೆರೆದಿರಲಿಲ್ಲ.

ಆ ಪತ್ರದ ಮರುವರ್ಷ, 1918ರ ಸೆಪ್ಟೆಂಬರ್ 23ರಂದು, ನಮ್ಮ ಮೈಸೂರು ಲ್ಯಾನ್ಸರ್ಸ್ ದಳದ ಸವಾರರು ಜೋಧಪುರದವರೊಡನೆ ಸೇರಿ ತುರ್ಕರಿಂದ ಹೈಫಾ ನಗರವನ್ನು ಗೆದ್ದರೆಂಬುದನ್ನು ಇಲ್ಲಿ ನೆನೆಯಬಹುದು. ಹೀಗೆ ಪ್ಯಾಲೆಸ್ಟೈನ್ ಬ್ರಿಟಿಷರ ಕೈಗೆ ಬಂತು. ಮುಂದೆ? ಅರಬರ ಪ್ರತಿಭಟನೆ ಬೆಳೆದು ಯುದ್ಧದ ಮೋಡ ಕವಿದಾಗ, 1939ರಲ್ಲಿ ಅದೇ ಬ್ರಿಟಿಷ್ ಸರ್ಕಾರ ಐದು ವರ್ಷಗಳಲ್ಲಿ 75,000 ಯೆಹೂದ್ಯರಿಗಿಂತ ಹೆಚ್ಚು ಮಂದಿ ಅಲ್ಲಿಗೆ ಬರಬಾರದೆಂದು ಕಟ್ಟು ಹಾಕಿತು. ಹಿಟ್ಲರನ ಕತ್ತಿ ಕತ್ತಿನ ಮೇಲೆ ತೂಗುತ್ತಿದ್ದ ಕಾಲದಲ್ಲಿ ಬಾಗಿಲು ಮುಚ್ಚಿತು. 1834ರ ಕೊಡಗಿನ ಪಾಠವೇ ಇದು. ಬೆಂಬಲಿಗನ ಗುರಿ ಬದಲಾದಾಗ ಬೆಂಬಲವೂ ಬದಲಾಗುತ್ತದೆ.

ಹಾಗಾದರೆ ಹೊರಗಿನವರ ನೆರವೆಲ್ಲ ಕಪಟವೆಂದು ತಳ್ಳಿಬಿಡಬೇಕೆ? ಖಂಡಿತ ಇಲ್ಲ. ಸೋವಿಯತ್ ದೇಶದ ಯೆಹೂದ್ಯರು ಹೊರಗೆ ಹೋಗಲು ಅನುಮತಿ ಸಿಗದೆ ಕಂಗೆಟ್ಟಿದ್ದಾಗ, ಅಮೆರಿಕದ ಸೆನೆಟರ್ ಹೆನ್ರಿ ಜಾಕ್ಸನ್ ಎಂಬ ಕ್ರೈಸ್ತ, ಪ್ರಜೆಗಳ ವಲಸೆಯನ್ನು ತಡೆಯುವ ಅಂಥ ದೇಶಗಳಿಗೆ ವ್ಯಾಪಾರದ ರಿಯಾಯಿತಿ ಕೂಡದೆಂಬ ಷರತ್ತನ್ನು 1974ರ ಕಾಯಿದೆಯಲ್ಲಿ ಸೇರಿಸಿದ. ಆತನಿಗೂ ರಷ್ಯದ ಮೇಲೆ ರಾಜಕೀಯ ವೈರವಿತ್ತು, ಇರಲಿ. ಆ ನೆರವು ಜನ ತಾವೇ ಕೇಳಿದ್ದ ನೆರವು. ಅದಕ್ಕೆ ಪ್ರತಿಯಾಗಿ ಅವರ ನಂಬಿಕೆಯನ್ನು ಯಾರೂ ಕೇಳಲಿಲ್ಲ.

ಇಂದಿನ ಚರ್ಚೆ ಹೆಚ್ಚಾಗಿ ಅಮೆರಿಕದ ಒಂದು ಬಗೆಯ ಕ್ರೈಸ್ತರನ್ನು ಕುರಿತದ್ದು. ಯೆಹೂದ್ಯರು ಪವಿತ್ರ ಭೂಮಿಗೆ ಮರಳುವುದು ದೈವಸಂಕಲ್ಪವೆಂದೂ, ಕ್ರಿಸ್ತನ ಪುನರಾಗಮನಕ್ಕೆ ಅದು ಪೀಠಿಕೆಯೆಂದೂ ಇವರಲ್ಲಿ ಅನೇಕರು ನಂಬುತ್ತಾರೆ. ಆ ಅಂತ್ಯಕಾಲದಲ್ಲಿ ಯೆಹೂದ್ಯರು ಕ್ರಿಸ್ತನನ್ನು ಒಪ್ಪಬೇಕು, ಇಲ್ಲವೆ ನಾಶವಾಗಬೇಕು ಎಂಬುದೂ ಕೆಲವರ ಮತ. 2018ರ ಮೇ 14ರಂದು ಅಮೆರಿಕ ತನ್ನ ರಾಯಭಾರ ಕಚೇರಿಯನ್ನು ಜೆರುಸಲೇಮಿಗೆ ತಂದಾಗ ಪ್ರಾರ್ಥನೆ ಸಲ್ಲಿಸಿದ ಪಾದ್ರಿಗಳಲ್ಲಿ ಒಬ್ಬರು, ಯೆಹೂದ್ಯರಾಗಿಯೇ ಉಳಿದವರಿಗೆ ಮೋಕ್ಷವಿಲ್ಲವೆಂದು ಹಿಂದೆ ಬೋಧಿಸಿದ್ದವರು. ಇಂಥವರ ಬೆಂಬಲವನ್ನು ಇಸ್ರೇಲಿನ ಹಲವು ನಾಯಕರು ಸಂತೋಷದಿಂದ ಸ್ವೀಕರಿಸಿದ್ದಾರೆ. ಅಂತ್ಯಕಾಲದ ಮಾತು ಅಂತ್ಯಕಾಲಕ್ಕಿರಲಿ, ಇಂದಿನ ಗೆಳೆತನ ಇಂದಿಗೆ ಬೇಕು ಎಂಬುದು ಅವರ ವಾದ. ಅಮೆರಿಕದ ಅನೇಕ ಯೆಹೂದ್ಯರಿಗೆ ಇದು ಒಪ್ಪಿಗೆಯಿಲ್ಲ. ಇಸ್ರೇಲನ್ನು ಹೊಗಳುವವರೇ ತಮ್ಮ ದೇಶವನ್ನು ಕ್ರೈಸ್ತರ ದೇಶವೆಂದು ಸಾರಿದರೆ ತಮ್ಮ ಗತಿಯೇನು ಎಂದು ಅವರು ಕೇಳುತ್ತಾರೆ. ಮಾಂಟೆಗ್ಯೂನ ಶಂಕೆಯೇ ಇಲ್ಲಿ ಮತ್ತೆ ತಲೆಯೆತ್ತಿದೆ.

ಈ ಇಬ್ಬರ ಮಾತಿನಲ್ಲಿಯೂ ಸತ್ಯವಿದೆ. ಸುತ್ತಲೂ ವೈರವಿದ್ದವನಿಗೆ ಗೆಳೆಯನ ಮನಸ್ಸನ್ನು ಅಳೆದು ತೂಗಲು ಬಿಡುವಿರುವುದಿಲ್ಲ, ದೊಡ್ಡವೀರರಾಜೇಂದ್ರನಿಗೂ ಇರಲಿಲ್ಲ. ಆದುದರಿಂದ ಬಾಗಿಲನ್ನು ಪೂರ್ತಿ ಮುಚ್ಚುವುದೂ ಸಲ್ಲದು, ಹಾರುಹೊಡೆದು ತೆರೆಯುವುದೂ ಸಲ್ಲದು. ಗಡಿಯ ಗೇಟಿನಲ್ಲಿ ಕೇಳುವಂತೆ ಮೂರು ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದು.

ಎಲ್ಲಿಂದ ಬಂದಿರಿ? ಎಂದರೆ, ತನ್ನ ಊರಿನ ಯೆಹೂದ್ಯನನ್ನು ಈ ಬೆಂಬಲಿಗ ಹೇಗೆ ಕಾಣುತ್ತಾನೆ? ಬಾಲ್ಫರನ 1905ರ ಕಾನೂನನ್ನು ಮರೆಯಬಾರದು. ನೆರೆಯವನನ್ನು ಸಮಾನನೆಂದು ಕಾಣದವನು ದೂರದವನನ್ನು ಪ್ರೀತಿಸುತ್ತೇನೆಂದರೆ ಆ ಪ್ರೀತಿಯನ್ನು ಒರೆಗೆ ಹಚ್ಚಿ ನೋಡಬೇಕು.

ಎಲ್ಲಿಗೆ ಪಯಣ? ಎಂದರೆ, ಆತನ ಗುರಿಯೇನು? ಮೆಣಸೋ, ಸೈನ್ಯಕ್ಕೆ ದಾರಿಯೋ, ಮತಾಂತರವೋ? ಗುರಿ ಬೇರೆಯಾಗಿದ್ದ ಮಾತ್ರಕ್ಕೆ ನೆರವು ಕೆಟ್ಟದ್ದಲ್ಲ. ಹೊಳೆ ದಾಟಿಸಿದ ಅಂಬಿಗನಿಗೆ ಕೂಲಿ ಕೊಟ್ಟರೆ ಸಾಕು, ಅವನ ಊರಿಗೇ ಹೋಗಬೇಕಾಗಿಲ್ಲ. ಆದರೆ ಇಳಿಯುವ ಕಡವು ಯಾವುದೆಂದು ದೋಣಿ ಹತ್ತುವ ಮೊದಲೇ ತಿಳಿದಿರಬೇಕು.

ಏನು ಹೊರೆ, ಅದನ್ನು ಹೊರುವವರಾರು? ಈ ಪ್ರಶ್ನೆ ಎಲ್ಲಕ್ಕಿಂತ ಭಾರವಾದದ್ದು. ಬಾಲ್ಫರನ ಪತ್ರದಲ್ಲಿ ಪ್ಯಾಲೆಸ್ಟೈನಿನ ಇತರ ಜನರ ಹಕ್ಕುಗಳಿಗೆ ಧಕ್ಕೆ ಬರಬಾರದೆಂಬ ಮಾತೂ ಇತ್ತು. ಅಂದು ಅಲ್ಲಿನ ನಿವಾಸಿಗಳಲ್ಲಿ ಅತ್ಯಧಿಕ ಮಂದಿ ಆ ಇತರರೇ. ಆ ಜನರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಅದರ ನೋವು ನೂರು ವರ್ಷ ದಾಟಿದರೂ ಆರಿಲ್ಲ. ದೂರದ ಬೆಂಬಲಿಗ ಮಾತಾಡಿ ಮನೆಗೆ ಹೋಗುತ್ತಾನೆ. ನೆರೆಹೊರೆಯವರು ಮಾತ್ರ ಒಬ್ಬರ ಮುಖ ಒಬ್ಬರು ನೋಡುತ್ತ ಬಾಳಬೇಕು.

ದೊಡ್ಡವೀರರಾಜೇಂದ್ರ ಇಂಗ್ಲಿಷರೊಡನೆ ಒಪ್ಪಂದ ಮಾಡಿಕೊಂಡ 1790ರಲ್ಲಿಯೇ ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ನ್ಯೂಪೋರ್ಟ್ ಎಂಬ ಊರಿನ ಯೆಹೂದ್ಯರಿಗೆ ಒಂದು ಪತ್ರ ಬರೆದ. ಒಂದು ವರ್ಗದ ಜನ ಇನ್ನೊಂದು ವರ್ಗವನ್ನು ದಯೆಯಿಂದ ಸಹಿಸಿಕೊಂಡಂತೆ ಮಾತಾಡುವ ಕಾಲ ಹೋಯಿತು. ಸ್ವಾತಂತ್ರ್ಯ ಎಲ್ಲರಿಗೂ ಹುಟ್ಟಿನಿಂದ ಬಂದದ್ದು ಎಂಬುದು ಅದರ ಆಶಯ. ವಾಷಿಂಗ್ಟನ್ ಕೂಡ ಕ್ರೈಸ್ತ ರಾಜಕಾರಣಿಯೇ. ಆದರೆ ಆತ ಆ ಜನರಿಗೆ ಬರೆದದ್ದು ಹಂಗಿನ ಮಾತಲ್ಲ, ಹಕ್ಕಿನ ಮಾತು.

ಇಂಥ ಬೆಂಬಲವನ್ನು ಯೆಹೂದ್ಯರು ಮಾತ್ರವಲ್ಲ, ಲೋಕದ ಯಾವ ಸಣ್ಣ ಸಮುದಾಯವಾದರೂ ಎರಡು ಕೈಗಳಿಂದ ಬರಮಾಡಿಕೊಳ್ಳಬಹುದು. ಉಳಿದ ಬೆಂಬಲಗಳನ್ನು ಕಷ್ಟಕಾಲದಲ್ಲಿ ಒಂದು ಕೈಯಿಂದ ಹಿಡಿಯಬೇಕಾದೀತು. ಇನ್ನೊಂದು ಕೈಯನ್ನು ಪಕ್ಕದ ಮನೆಯವನಿಗಾಗಿ ತೆರವಾಗಿಟ್ಟುಕೊಂಡಿರುವುದು ಕ್ಷೇಮ.