ಹವಳದ ಕೆಂಪು ಬೇರೆ, ರಕ್ತದ ಕೆಂಪು ಬೇರೆ

ಮನೆಯ ಮಗಳಿಗೋ ಸೊಸೆಗೋ ಕೆಲವು ತಿಂಗಳಿಂದ ಸುಸ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಮುಖದಲ್ಲಿ ಕಳೆಯಿಲ್ಲ. "ಮೈಯಲ್ಲಿ ರಕ್ತ ಕಡಿಮೆಯಾಗಿದೆ, ಕುಜ ಚೆನ್ನಾಗಿಲ್ಲ, ಒಂದು ಹವಳದ ಉಂಗುರ ಮಾಡಿಸಿ ಹಾಕಿ" ಎಂದು ಹಿರಿಯರೊಬ್ಬರು ಸಲಹೆ ಕೊಡುತ್ತಾರೆ. ಮಂಗಳವಾರ ನೋಡಿ ಉಂಗುರ ಬೆರಳಿಗೇರುತ್ತದೆ. ಸುಸ್ತು ಮಾತ್ರ ಹಾಗೆಯೇ ಉಳಿಯುತ್ತದೆ. ನಿಮ್ಮ ಮನೆಯಲ್ಲಿ ಅಲ್ಲದಿದ್ದರೆ ನೆಂಟರ ಮನೆಯಲ್ಲಾದರೂ ಇದನ್ನು ನೀವು ಕಂಡಿರಬಹುದು.

ನಂಬಿಕೆಯ ಮೂಲ

ನವರತ್ನಗಳಲ್ಲಿ ಒಂದೊಂದಕ್ಕೂ ಒಂದೊಂದು ಗ್ರಹವನ್ನು ಹೇಳಲಾಗಿದೆ. ಮಾಣಿಕ್ಯಕ್ಕೆ ಸೂರ್ಯ, ಮುತ್ತಿಗೆ ಚಂದ್ರ, ಪಚ್ಚೆಗೆ ಬುಧ, ನೀಲಕ್ಕೆ ಶನಿ, ಹವಳಕ್ಕೆ ಕುಜ. ಜ್ಯೋತಿಷ್ಯದ ಪ್ರಕಾರ ಕುಜನ ಬಣ್ಣ ಕೆಂಪು, ರಕ್ತಕ್ಕೆ ಕಾರಕನೂ ಅವನೇ. ಕೆಂಪು ಗ್ರಹ, ಕೆಂಪು ಹವಳ, ಕೆಂಪು ರಕ್ತ – ಮೂರನ್ನೂ ಬಣ್ಣವೇ ಒಂದುಗೂಡಿಸಿತು.

ಇಂಥ ನಂಬಿಕೆ ನಮ್ಮಲ್ಲಿ ಮಾತ್ರ ಇದ್ದುದಲ್ಲ. ಪುಟ್ಟ ಮಕ್ಕಳ ರಕ್ಷಣೆಗೆಂದು ಕೊರಳಿಗೆ ಹವಳ ಕಟ್ಟುವ ಪದ್ಧತಿಯನ್ನು 1ನೇ ಶತಮಾನದ ರೋಮನ್ ಲೇಖಕ ಪ್ಲಿನಿ ದಾಖಲಿಸಿದ್ದಾನೆ. ರೋಮನ್ನರಿಗೆ ಮುತ್ತು ಹೇಗೋ ಭಾರತೀಯರಿಗೆ ಹವಳ ಹಾಗೆ ಎಂದೂ ಆತ ಬರೆದಿದ್ದಾನೆ. ಕರ್ನಾಟಕದ ಅನೇಕ ಮನೆತನಗಳಲ್ಲಿ ತಾಳಿಯ ಜೊತೆ ಹವಳ ಪೋಣಿಸುವ ರೂಢಿ ಇಂದಿಗೂ ಇದೆ.

ಹವಳದಲ್ಲಿ ಇರುವುದೇನು?

ಹವಳ ನಿಜಕ್ಕೂ ಕಲ್ಲಲ್ಲ. ಸಮುದ್ರದಲ್ಲಿ ಗುಂಪಾಗಿ ಬಾಳುವ ಅತಿ ಸಣ್ಣ ಜೀವಿಗಳು ಕಟ್ಟಿಕೊಂಡ ಗಟ್ಟಿ ಹಂದರ ಅದು. ಅದರಲ್ಲಿ ಮುಖ್ಯವಾಗಿ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಮುತ್ತಿನಲ್ಲೂ ಮೊಟ್ಟೆಯ ಸಿಪ್ಪೆಯಲ್ಲೂ ಇರುವುದು ಇದೇ ವಸ್ತು. ಹವಳಕ್ಕೆ ಕೆಂಪು ಬಂದದ್ದು ಕ್ಯಾರಟಿನಾಯ್ಡ್ ಎಂಬ ವರ್ಣದ್ರವ್ಯಗಳಿಂದ. ಕ್ಯಾರೆಟ್‌ಗೆ ಬಣ್ಣ ಕೊಡುವುದೂ ಇದೇ ಬಳಗ. ರಕ್ತ ಕೆಂಪಾಗಿರುವುದು ಕಬ್ಬಿಣಾಂಶವುಳ್ಳ ಹಿಮೋಗ್ಲೋಬಿನ್‌ನಿಂದ. ಬಣ್ಣ ಒಂದೇ ಎನಿಸಿದರೂ ಮೂಲ ಬೇರೆ. ಬೆರಳಿನ ಉಂಗುರದಿಂದ ರಕ್ತಕ್ಕೆ ಸೇರುವುದು ಏನೂ ಇಲ್ಲ.

ಧರಿಸಿದವರ ಆರೋಗ್ಯ ಕೆಟ್ಟರೆ ಹವಳ ಮಂಕಾಗುತ್ತದೆ ಎಂಬ ಮಾತೂ ಇದೆ. ಹವಳ ಮಂಕಾಗುವುದು ನಿಜ. ಆದರೆ ಅದಕ್ಕೆ ಕಾರಣ ಬೆವರು, ಸುಗಂಧದ್ರವ್ಯ, ನಿಂಬೆ ಹುಣಸೆಗಳ ಹುಳಿ. ಹುಳಿ ತಾಗಿದರೆ ಹವಳದ ಮೇಲ್ಮೈ ಸವೆಯುತ್ತದೆ.

ಆಯುರ್ವೇದದಲ್ಲಿ ಪ್ರವಾಳ ಭಸ್ಮ, ಪ್ರವಾಳ ಪಿಷ್ಟಿಗಳನ್ನು ಆಮ್ಲಪಿತ್ತಕ್ಕೆ ಕೊಡುವುದುಂಟು. ಕ್ಯಾಲ್ಸಿಯಂ ಕಾರ್ಬೊನೇಟ್ ಹೊಟ್ಟೆಯ ಆಮ್ಲವನ್ನು ತಗ್ಗಿಸಬಲ್ಲದಾದ್ದರಿಂದ ಈ ಬಳಕೆ ಅರ್ಥವಾಗುವಂಥದ್ದೇ. ಆದರೆ ಕಬ್ಬಿಣದ ಮಾತ್ರೆಯ ಜೊತೆಗೇ ಕ್ಯಾಲ್ಸಿಯಂ ಸೇವಿಸಿದರೆ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ರಕ್ತ ಹೆಚ್ಚಲೆಂದು ತೆಗೆದುಕೊಂಡದ್ದು ಅದಕ್ಕೇ ಅಡ್ಡಿಯಾಗಬಾರದಲ್ಲವೇ? ಆದ್ದರಿಂದ ಯಾವ ಭಸ್ಮವನ್ನೂ ಸ್ವಂತ ಬುದ್ಧಿಯಿಂದ ಸೇವಿಸಬೇಡಿ. ಸೇವಿಸುತ್ತಿದ್ದರೆ ವೈದ್ಯರಿಗೆ ಮರೆಯದೆ ತಿಳಿಸಿ.

ಪರೀಕ್ಷೆ ಮೊದಲು

ರಕ್ತಹೀನತೆ ಅಪರೂಪದ ತೊಂದರೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಮಹಿಳೆಯರಲ್ಲಿ ದೇಶದಲ್ಲಿ ಶೇ. 57, ಕರ್ನಾಟಕದಲ್ಲಿ ಸುಮಾರು ಶೇ. 48 ಮಂದಿಗೆ ಇದು ಇತ್ತು.

ಆಯಾಸ, ಎದೆ ಡವಗುಟ್ಟುವುದು, ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚುವುದು, ಬಳಪ ಅಥವಾ ಮಣ್ಣು ತಿನ್ನುವ ಬಯಕೆ – ಇವು ಕಂಡರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 100 ಮಿ.ಲೀ. ರಕ್ತದಲ್ಲಿ ಮಹಿಳೆಯರಿಗೆ 12 ಗ್ರಾಂ, ಗರ್ಭಿಣಿಯರಿಗೆ ಸಾಮಾನ್ಯವಾಗಿ 11 ಗ್ರಾಂ, ಗಂಡಸರಿಗೆ 13 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ.

ಕಾರಣ ಹುಡುಕುವುದು ಅದಕ್ಕಿಂತ ಮುಖ್ಯ. ಮುಟ್ಟಿನ ಅತಿಸ್ರಾವ, ಕೊಕ್ಕೆಹುಳು, ಮೂಲವ್ಯಾಧಿ, ಬಿ-12 ಜೀವಸತ್ವದ ಕೊರತೆ – ಹೀಗೆ ಕಾರಣಗಳು ಹಲವು. ಗಂಡಸರಲ್ಲಿ ಹಾಗೂ ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣಾಂಶದ ಕೊರತೆ ಕಂಡರೆ ಜಠರದಲ್ಲೋ ಕರುಳಿನಲ್ಲೋ ಒಳಗೊಳಗೇ ರಕ್ತ ಸೋರುತ್ತಿರಬಹುದು. ಕೆಲವೊಮ್ಮೆ ಅದು ಕ್ಯಾನ್ಸರಿನ ಮೊದಲ ಸೂಚನೆಯೂ ಆಗಬಹುದು. ಉಂಗುರ ನಂಬಿಕೊಂಡು ಆರು ತಿಂಗಳು ಕಾದರೆ ಕಳೆದುಹೋಗುವುದು ಈ ಅಮೂಲ್ಯ ಸಮಯ.

ಕೆಲವು ಸೂಚನೆಗಳು

ವೈದ್ಯರು ಕಬ್ಬಿಣದ ಮಾತ್ರೆ ಬರೆದುಕೊಟ್ಟರೆ ಸುಸ್ತು ಹೋಯಿತೆಂದು ನಡುವೆ ನಿಲ್ಲಿಸಬೇಡಿ. ಹಿಮೋಗ್ಲೋಬಿನ್ ಸರಿಹೋದ ಮೇಲೂ ದೇಹದ ದಾಸ್ತಾನು ತುಂಬಲು ಸಾಮಾನ್ಯವಾಗಿ ಮೂರು ತಿಂಗಳು ಮುಂದುವರಿಸಬೇಕಾಗುತ್ತದೆ. ಮಲ ಕಪ್ಪಾದರೆ ಹೆದರಬೇಡಿ, ಅದು ಮಾತ್ರೆಯಿಂದ. ಮಾತ್ರೆಯ ಹಿಂದೆಮುಂದೆ ಒಂದು ಗಂಟೆ ಕಾಫಿ, ಟೀ ಬೇಡ. ಗರ್ಭಿಣಿಯರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ಮಾತ್ರೆ ಉಚಿತವಾಗಿ ಸಿಗುತ್ತದೆ.

ಊಟದಲ್ಲಿ ಸೊಪ್ಪು, ಹುರುಳಿ, ಮೊಳಕೆಕಾಳು ಇರಲಿ. ಮೇಲೆ ನಿಂಬೆರಸ ಹಿಂಡಿಕೊಂಡರೆ ಕಬ್ಬಿಣಾಂಶ ಚೆನ್ನಾಗಿ ಮೈಗೂಡುತ್ತದೆ. ಮಾಂಸಾಹಾರಿಗಳಿಗೆ ಮಾಂಸ, ಮೀನು ಒಳ್ಳೆಯದು.

ಎಳೆಮಕ್ಕಳ ಕೊರಳಿಗೆ ಹವಳದ ಸರ ಹಾಕಬೇಡಿ. ದಾರ ಬಿಗಿದೀತು, ಮಣಿ ಗಂಟಲಿಗೆ ಸಿಕ್ಕೀತು. ಗರ್ಭಿಣಿಯ ಬೆರಳು ಊದಿಕೊಳ್ಳುತ್ತಿದ್ದರೆ ಉಂಗುರ ಬಿಗಿಯಾಗುವ ಮೊದಲೇ ತೆಗೆದಿಡಿ, ಊತದ ಬಗ್ಗೆ ವೈದ್ಯರಿಗೆ ಹೇಳಿ.

ಹವಳ ಚೆಂದದ ಒಡವೆ. ಅಜ್ಜಿಯ ಕಾಲದ ಸರವಾಗಿದ್ದರೆ ಅದರ ಬೆಲೆಯೇ ಬೇರೆ. ಇಷ್ಟವಿದ್ದರೆ ಧಾರಾಳವಾಗಿ ತೊಡಿ, ಯಾರೂ ಬೇಡವೆನ್ನುವುದಿಲ್ಲ. ಆದರೆ ಉಂಗುರದ ಅಳತೆಗೆಂದು ಅಕ್ಕಸಾಲಿಗನ ಮುಂದೆ ಬೆರಳು ಚಾಚುವ ಮೊದಲು, ಒಂದು ಹನಿ ರಕ್ತ ಕೊಡಲು ಆಸ್ಪತ್ರೆಯಲ್ಲಿ ಬೆರಳು ಚಾಚಿ.