ಕೊಳದ ಕಳೆ ತೆಗೆಯುವವರಿಗೆ ಜಲನಿರೋಧಕ ಉಡುಪು: ಆಯ್ಕೆಯ ಕ್ರಮ

ಕಾರ್ಖಾನೆ, ಅತಿಥಿಗೃಹ ಹಾಗೂ ಕಲ್ಯಾಣ ಮಂಟಪಗಳ ಉದ್ಯಾನಗಳಲ್ಲಿ ಕೊಳ ನಿರ್ಮಿಸುವುದು ಇಂದು ಸಾಮಾನ್ಯವಾಗಿದೆ. ಮಳೆಗಾಲ ಕಳೆಯುವಷ್ಟರಲ್ಲಿ ಅವುಗಳಲ್ಲಿ ಅಂತರಗಂಗೆ, ಜೊಂಡು ಮುಂತಾದ ಕಳೆಗಳು ದಟ್ಟವಾಗಿ ಹಬ್ಬುತ್ತವೆ. ಅವನ್ನು ತೆಗೆಯಲು ಕಾರ್ಮಿಕರನ್ನು ಬರಿಗಾಲಿನಲ್ಲಿ ನೀರಿಗಿಳಿಸುವ ರೂಢಿ ಇನ್ನೂ ಉಳಿದಿದೆ. ಕೆಸರಿನಲ್ಲಿ ಹುದುಗಿದ ಗಾಜಿನ ಚೂರುಗಳಲ್ಲದೆ, ಇಲಿಗಳ ಮೂತ್ರ ಬೆರೆತ ನೀರಿನಿಂದ ಗಾಯದ ಮೂಲಕ ದೇಹ ಸೇರುವ ಇಲಿಜ್ವರವೂ ಇಲ್ಲಿನ ಅಪಾಯವಾಗಿದೆ. ಆದಕಾರಣ ಸೂಕ್ತ ಉಡುಪಿನ ಆಯ್ಕೆಯು ಉದ್ದಿಮೆದಾರರ ಹೊಣೆಗಾರಿಕೆಗೆ ಸೇರಿದ ವಿಷಯವಾಗಿದೆ.

ಮೊದಲು ಅಳತೆ, ಆಮೇಲೆ ಖರೀದಿ

ಪಾದದಿಂದ ಮೇಲಕ್ಕೆ ಒಂದೇ ತುಂಡಾಗಿರುವ ಈ ಉಡುಪನ್ನು ಮಾರುಕಟ್ಟೆಯಲ್ಲಿ ‘ವೇಡರ್’ ಎನ್ನುತ್ತಾರೆ. ತೊಡೆಮಟ್ಟ, ಸೊಂಟಮಟ್ಟ ಮತ್ತು ಎದೆಮಟ್ಟ ಎಂದು ಇದರಲ್ಲಿ ಮೂರು ಬಗೆಗಳಿವೆ. ಅಂಗಡಿಗೆ ಹೋಗುವ ಮೊದಲು ಉದ್ದನೆಯ ಗಳುವಿನಿಂದ ಕೊಳದ ಆಳವನ್ನು ಹಲವು ಕಡೆ ಅಳೆಯತಕ್ಕದ್ದು. ಕಾಲು ಹೂತುಹೋಗುವ ಕೆಸರಿನ ಆಳವನ್ನೂ ಇದಕ್ಕೆ ಕೂಡಿಸಬೇಕು. ಎರಡಡಿ ನೀರು, ಒಂದಡಿ ಕೆಸರು ಇದ್ದರೆ ಕಾರ್ಮಿಕನ ಪಾಲಿಗೆ ಅದು ಮೂರಡಿ ಆಳವೇ ಸರಿ. ಉಡುಪಿನ ಅಂಚು ನೀರಿನ ಮಟ್ಟಕ್ಕಿಂತ ಕನಿಷ್ಠ ಒಂದು ಗೇಣು ಮೇಲಿರಬೇಕು. ಎದೆಮಟ್ಟದ ಉಡುಪಿಗೂ ಮೀರಿದ ಆಳವಿದ್ದಲ್ಲಿ ಯಾರನ್ನೂ ಇಳಿಸದೆ, ದಡದಿಂದಲೇ ಉದ್ದ ಹಿಡಿಯ ಕುಂಟೆಯಿಂದ ಕಳೆ ಎಳೆಯುವುದು ಕ್ಷೇಮ.

ಬಟ್ಟೆಯ ಬಗೆ

ಪಿವಿಸಿ ಲೇಪಿತ ನೈಲಾನ್ ಉಡುಪು ಅಗ್ಗವಾದುದು. ಹರಿದಲ್ಲಿ ತೇಪೆ ಅಂಟಿಸಬಹುದು. ಆದರೆ ಒಳಗೆ ಬೆವರು ನಿಲ್ಲುತ್ತದೆ. ನಿಯೋಪ್ರೀನ್ ದೇಹದ ಶಾಖವನ್ನು ಹಿಡಿದಿಡುವುದರಿಂದ ಶೀತ ದೇಶಗಳಿಗೆ ಒಪ್ಪುತ್ತದೆ, ನಮ್ಮ ಬಿಸಿಲಿಗೆ ಒಪ್ಪುವುದಿಲ್ಲ. ಬೆವರಿನ ಆವಿಯನ್ನು ಹೊರಬಿಡುವ ಬಟ್ಟೆ ಹಿತಕರವಾದರೂ ದುಬಾರಿ. ತೆಳುವಾದದ್ದನ್ನು ಕೊಂಡರೆ ತಾವರೆ ದಂಟಿನ ಮುಳ್ಳಿಗೂ ಜೊಂಡಿನ ಕೂಳೆಗೂ ತಡೆಯಲಾರದು. ವರ್ಷಕ್ಕೆ ಕೆಲವೇ ದಿನಗಳ ಕೆಲಸವಿದ್ದರೆ ದಪ್ಪ ಪಿವಿಸಿ ಉಡುಪು ಸಾಕು. ಬೆಳಗಿನ ತಂಪಿನಲ್ಲಿ ಕೆಲಸ ಮಾಡಿಸಿ ನಡುನಡುವೆ ವಿರಾಮ ಕೊಡಬೇಕು. ಕೆಲಸ ಹೆಚ್ಚಿದ್ದಲ್ಲಿ ಮೊಣಕಾಲಿನ ಭಾಗದಲ್ಲಿ ಇಮ್ಮಡಿ ಪದರವಿರುವ, ಆವಿ ಬಿಡುವ ಬಟ್ಟೆಯನ್ನು ಪರಿಗಣಿಸಬಹುದು.

ಬೂಟು ಕಾರ್ಮಿಕನ ಪಾದದ ಅಳತೆಗೆ ಸರಿಹೊಂದಬೇಕು. ಸಡಿಲ ಬೂಟು ಕೆಸರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಉಡುಪು ಹರಿದರೆ ಅಥವಾ ಕಾಲು ಜಾರಿದರೆ ನೀರು ಒಳನುಗ್ಗುವುದನ್ನು ಸೊಂಟದ ಬಿಗಿಪಟ್ಟಿ ತಗ್ಗಿಸುತ್ತದೆ. ನೀರು ತುಂಬಿದ ಉಡುಪಿನಲ್ಲಿ ದಡ ಹತ್ತುವುದು ಬಹು ಕಷ್ಟ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಕೊಳದ ಇಳಿಜಾರಂತೂ ಇನ್ನೂ ಜಾರುತ್ತದೆ. ಆದ್ದರಿಂದ ಜೀವರಕ್ಷಕ ಅಂಗಿ, ಹಗ್ಗ ಹಾಗೂ ದಡದಲ್ಲಿ ಇನ್ನೊಬ್ಬರು ಇರಲೇಬೇಕು. ಮೊಣಕೈವರೆಗಿನ ರಬ್ಬರ್ ಕೈಗವಸೂ ಅಗತ್ಯ.

ಲೆಕ್ಕದ ದೃಷ್ಟಿ

ಬೆಲೆಯನ್ನು ಬಳಕೆಯ ದಿನಗಳಿಂದ ಭಾಗಿಸಿ ನೋಡಬೇಕು. ಉದಾಹರಣೆಗೆ, 2,000 ರೂಪಾಯಿಯ ಉಡುಪು 10 ದಿನ ಬಾಳಿದರೆ ದಿನಕ್ಕೆ 200 ರೂಪಾಯಿ ವೆಚ್ಚ. 5,000 ರೂಪಾಯಿಯದು 50 ದಿನ ಬಾಳಿದರೆ ದಿನಕ್ಕೆ 100 ರೂಪಾಯಿ ಮಾತ್ರ. ಬಾಳಿಕೆ ಬಹುಪಾಲು ಆರೈಕೆಯನ್ನೇ ಅವಲಂಬಿಸಿದೆ. ಬಳಸಿದ ನಂತರ ಅಂಟಿದ ಕಳೆಯ ಚೂರುಗಳನ್ನು ತೊಳೆದು, ಒಳಭಾಗವನ್ನೂ ನೆರಳಿನಲ್ಲಿ ಒಣಗಿಸಿ, ಮಡಿಸದೆ ತೂಗುಹಾಕಬೇಕು.

ವ್ಯವಹಾರದ ಆವರಣದ ಕೊಳಕ್ಕಾಗಿ ಕೊಂಡದ್ದಾದರೆ ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ನಮೂದಿಸಿದ ತೆರಿಗೆ ಬಿಲ್ ಪಡೆಯುವುದು ಅವಶ್ಯ. ಮಾಲೀಕರ ಮನೆಯ ತೋಟಕ್ಕೆ ಕೊಂಡದ್ದು ಸ್ವಂತ ಬಳಕೆ. ಅದಕ್ಕೆ ಹೂಡುವಳಿ ತೆರಿಗೆ ಜಮೆಯಾಗಲಿ, ವ್ಯವಹಾರದ ವೆಚ್ಚವೆಂಬ ಕಡಿತವಾಗಲಿ ದೊರೆಯದು.

2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕಾರ್ಯಸ್ಥಿತಿಗಳ ಸಂಹಿತೆ, 2020ರ ಪ್ರಕಾರ ಸುರಕ್ಷತೆಗಾಗಿ ಒದಗಿಸಿದ ಸಾಧನದ ವೆಚ್ಚವನ್ನು ನೌಕರರಿಂದ ವಸೂಲು ಮಾಡುವಂತಿಲ್ಲ. ಉಡುಪಿನ ಬೆಲೆಯನ್ನು ಕೂಲಿಯಲ್ಲಿ ಮುರಿದುಕೊಳ್ಳುವ ಪದ್ಧತಿ ಎಲ್ಲಿಯಾದರೂ ಇದ್ದರೆ ಅದನ್ನು ಕೂಡಲೇ ಕೈಬಿಡುವುದು ಒಳಿತು.